ರೇವತಿಯ ಡೆಲಿವರಿ ಚೀಟಿ

ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಒಂದು ಕಡೆ ತೆಂಗಿನಕಾಯಿ ಅಂಗಡಿ, ಇನ್ನೊಂದು ಕಡೆ ಬೀಗದ ಕೈ ಮಾಡುವವನ ಪೆಟ್ಟಿಗೆ, ಇವೆರಡರ ನಡುವೆ ಉಸಿರು ಬಿಗಿಹಿಡಿದು ನಿಂತ ಹಾಗಿದೆ ರೇವತಿ ಲೇಡೀಸ್ ಟೈಲರ್ಸ್. ಅಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿಬರುವ ಪ್ರಶ್ನೆ ಒಂದೇ: “ಡೆಲಿವರಿ ಯಾವಾಗ?”

ಹತ್ತು ವರ್ಷದಿಂದ ರೇವತಿ ಈ ಪ್ರಶ್ನೆಗೆ ತಲೆಯೆತ್ತದೆ, ಶನಿವಾರ ನಾಲ್ಕು ಗಂಟೆ ಮೇಲೆ ಎಂದು ಉತ್ತರ ಕೊಟ್ಟವಳು. ಯಾವ ಶನಿವಾರ ಎಂದು ಬಿಡಿಸಿ ಹೇಳುವ ಪದ್ಧತಿ ಟೈಲರ್‌ಗಳಲ್ಲಿ ಇಲ್ಲ. ತೊಂದರೆ ಶುರುವಾದದ್ದು ಈ ವರ್ಷ ಫೆಬ್ರವರಿಯಲ್ಲಿ. ಪ್ರಶ್ನೆ ಕೇಳುವವರ ಕಣ್ಣು ಎಲ್ಲಿದೆ ಎಂದು ನೋಡಿ ಉತ್ತರ ಕೊಡಬೇಕಾಗಿ ಬಂತು. ಕಣ್ಣು ಗೋಡೆಗೆ ನೇತುಹಾಕಿದ ಬ್ಲೌಸುಗಳ ಮೇಲಿದ್ದರೆ ಶನಿವಾರ. ಅವಳ ಹೊಟ್ಟೆಯ ಮೇಲಿದ್ದರೆ ಮೇ ಇಪ್ಪತ್ತೆರಡು. ದೊಮ್ಮಲೂರಿನ ಗಿರಾಕಿಯೊಬ್ಬರು ಕಣ್ಣನ್ನು ಮೊಬೈಲಿನ ಮೇಲಿಟ್ಟು ಕೇಳಿದ್ದರಿಂದ ರೇವತಿ ಅಂದಾಜಿನ ಮೇಲೆ ಮೇ ಇಪ್ಪತ್ತೆರಡು ಎಂದುಬಿಟ್ಟಳು. ಒಂದು ಫಾಲ್ ಹೊಲಿಯೋಕೆ ಮೂರು ತಿಂಗಳಾ ಎಂದು ಆಕೆ ಸೀರೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟೇ ಹೋದರು.

ಅಂಗಡಿಯ ಚೀಟಿ ಪುಸ್ತಕ ಶಿವಾಜಿನಗರದಲ್ಲಿ ಅಚ್ಚಾದದ್ದು. ಹೆಸರು, ಅಳತೆ, ತೋಳು, ಕತ್ತು, ಲೈನಿಂಗ್, ಡೆಲಿವರಿ ದಿನ, ವಿಶೇಷ ಸೂಚನೆ ಎಂದು ಸಾಲುಗಳು. ತೀರಾ ಕೆಳಗೆ ಇರುವೆ ಹರಿದಂಥ ಅಕ್ಷರಗಳಲ್ಲಿ ಇನ್ನೊಂದು ಸಾಲು. ಅದನ್ನು ಹೇಳಿ ಹಾಕಿಸಿದವಳು ರೇವತಿಯೇ. ಅದನ್ನು ಓದಿದವರು ಮಾತ್ರ ಯಾರೂ ಇರಲಿಲ್ಲ. ಪ್ರತಿ ಚೀಟಿಗೂ ಆ ಗಿರಾಕಿಯ ಬಟ್ಟೆಯದೇ ಬೆರಳಗಲದ ಒಂದು ತುಂಡನ್ನು ಪಿನ್ನು ಹೊಡೆಯುತ್ತಾಳೆ. ಬಟ್ಟೆ ಹೇಳಿದಂತೆ ಹೊಲಿದು ಕೊಟ್ಟಾದ ಮೇಲೆ ಗಿರಾಕಿ ಮರಳಿಸಿದ ಚೀಟಿ ಬಾಗಿಲ ಬಳಿಯ ಕಂಬಿಗೆ ಚುಚ್ಚಿಕೊಳ್ಳುತ್ತದೆ. ಕಂಬಿ ಏರಿದ ಚೀಟಿ ಎಂದರೆ ಮುಗಿದ ಮಾತು.

ರೇವತಿ ಹುಟ್ಟಿದ್ದು ದೊಮ್ಮಲೂರಿನಲ್ಲಿ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ಇದು ಕೇಳಲು ಶ್ರೀಮಂತವಾಗಿದ್ದರೂ ಆಗ ಅದಕ್ಕೆ ಗೋಡೆಗಳಿರಲಿಲ್ಲ. ತಾಯಿ ಜಟ್ಟೆಮ್ಮ ಯಾದಗಿರಿ ಕಡೆಯಿಂದ ಗಂಡನ ಜೊತೆ ಕೆಲಸಕ್ಕೆ ಬಂದವಳು, ಇಟ್ಟಿಗೆ ಹೊರುತ್ತಿದ್ದಳು. “ನಿನ್ನ ಹಡದಾಗ ನೋಡು, ಎರಡ ಪುಟ್ಟಿ ಇಟ್ಟಂಗಿ ಮ್ಯಾಲ ಹಾಕಿ ಬಂದು ಕುಂತೆ, ಮೂರನೇದ್ದಕ್ಕ ನೀ ಇದ್ದಿ,” ಎಂದು ಅವಳು ಹೇಳುವ ಕಥೆಯನ್ನು ರೇವತಿ ಜೋಗುಳದ ಹಾಗೆ ಕೇಳಿ ಬೆಳೆದಳು. ಜಟ್ಟೆಮ್ಮ ಯಾವಾಗ ಹೇಳಿದರೂ ‘ನಿನ್ನ’ ಎಂಬ ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತಿದ್ದಳು. ಅದು ಪ್ರೀತಿಯ ಒತ್ತು ಎಂದು ರೇವತಿ ತಿಳಿದಿದ್ದಳು.

ಹಾಗೆ ಹುಟ್ಟಿದವಳಿಗೆ ಹಾಗೆಯೇ ಹೆರಬೇಕು ಎಂಬ ಆಸೆ. ಅದಕ್ಕಿಂತ ದೊಡ್ಡದು ಒಂದು ಹೆದರಿಕೆ. ಹತ್ತೊಂಬತ್ತನೆಯ ವಯಸ್ಸಿನಿಂದ ಕತ್ತರಿ ಹಿಡಿದ ಕೈ ಅದು. ಹರಿಯುವ ಮೊದಲು ಬಟ್ಟೆ ಏನು ಬೇಕಾದರೂ ಆಗಬಹುದು, ಕತ್ತರಿ ಬಿದ್ದ ಮೇಲೆ ಅದು ಮತ್ತೆ ಸುತ್ತಿಟ್ಟ ಇಡೀ ಥಾನು ಆಗುವುದಿಲ್ಲ. ಎಷ್ಟು ನಾಜೂಕಾಗಿ ಹೊಲಿದರೂ ಅದು ಹೊಲಿದ ಬಟ್ಟೆಯೇ. ಥಾನಿನ ಕತೆ ಹೀಗಾದರೆ ತಾನು? ಮೈಮೇಲೆ ಕತ್ತರಿ ಬಿದ್ದ ಮೇಲೆ ತಾನು ಮತ್ತೆ ತಾನಾಗುವುದುಂಟೇ? ಈ ಪ್ರಶ್ನೆಯನ್ನು ಅವಳು ಯಾರಲ್ಲೂ ಕೇಳಲಿಲ್ಲ. ನಾರ್ಮಲ್ಲೇ ಆಗಬೇಕು ಎಂದು ಮಾತ್ರ ಎಲ್ಲರಿಗೂ ಹೇಳಿದಳು.

ದಾರಿ ಇಂದಿರಾನಗರದಿಂದ ತಾನಾಗಿ ನಡೆದು ಬಂತು. ಆಶ್ರಿತಾ ಎಂಬಾಕೆ ಅಲ್ಲಿ ಬಸುರಿಯರಿಗೆ ಸಹಜ ಹೆರಿಗೆಯ ತರಗತಿ ನಡೆಸುತ್ತಾರೆ. ತರಗತಿಗೆ ಬರುವವರಿಗೆಂದು ಹದಿನಾರು ಸಡಿಲ ಪೈಜಾಮ ಹೊಲಿಸಲು ಬಂದವರು ಅಳತೆ ಬರೆದುಕೊಳ್ಳುತ್ತಿದ್ದ ರೇವತಿಯ ಹೊಟ್ಟೆಯನ್ನು ನೋಡಿ, ನೀವೂ ಬನ್ನಿ, ಫೀಸು ಬೇಡ, ದಿಂಬಿನ ಕವರ್‌ಗಳನ್ನೂ ಹೊಲಿದುಕೊಡಿ ಎಂದರು. ಹೀಗೆ ಹೊಲಿಗೆಗೆ ಬದಲು ಹೆರಿಗೆ ಎಂದು ಒಪ್ಪಂದವಾಯಿತು.

ಹಳೆಯ ಬಂಗಲೆಯ ಮೊದಲ ಮಹಡಿ. ಕಿಟಕಿಯ ಹೊರಗೆ ಮಳೆಮರ, ಒಳಗೆ ನೀಲಿ ಚಾಪೆಗಳು, ಕೂತು ಕುಲುಕಲು ದೊಡ್ಡ ದೊಡ್ಡ ಚೆಂಡುಗಳು. ಗಂಡಂದಿರೂ ಬರಬೇಕೆಂಬ ನಿಯಮವಿತ್ತು. ರೇವತಿಯ ಗಂಡ ಶಿವಪುತ್ರ ಲಿಫ್ಟ್ ಮೆಕ್ಯಾನಿಕ್. ಒಂದು ಶನಿವಾರ ಬಂದವನು, ಈಗ ಎಲ್ಲರೂ ಮೈ ಸಡಿಲ ಬಿಡಿ ಎಂದು ಆಶ್ರಿತಾ ಹೇಳಿದ ಕೂಡಲೇ ಎಲ್ಲರಿಗಿಂತ ಚೆನ್ನಾಗಿ ಸಡಿಲ ಬಿಟ್ಟು ಗೊರಕೆ ಹೊಡೆದ. ಮುಂದಿನ ವಾರದಿಂದ ಅವನ ಜಾಗ ಹೊರಗಿನ ಮೆಟ್ಟಿಲಿಗೆ ಬದಲಾಯಿತು.

ಕಣ್ಣು ಮುಚ್ಚಿ, ಉಸಿರನ್ನು ಕೆಳಗೆ ಕಳಿಸಿ, ಒಂದು ಹೂವು ಅರಳೋದನ್ನ ನೋಡಿ ಎನ್ನುತ್ತಿದ್ದರು ಆಶ್ರಿತಾ. ರೇವತಿಗೆ ಹೂವು ಕಾಣಿಸುತ್ತಿರಲಿಲ್ಲ. ಅವಳಿಗೆ ಕಾಣಿಸುತ್ತಿದ್ದದ್ದು ಮೆತ್ತನೆಯ ಹತ್ತಿಯ ಬಿಳಿ ಮಲ್ ಬಟ್ಟೆಯ ಒಂದು ಥಾನು. ಅಂಗಡಿಯವನು ಅದನ್ನು ಮೇಜಿನ ಮೇಲೆ ಒಮ್ಮೆ ಒಗೆಯುತ್ತಾನೆ. ಅದು ಉರುಳಿ ಬಿಚ್ಚಿಕೊಳ್ಳುತ್ತ ಮೇಜು ದಾಟಿ, ಓಣಿಗಿಳಿದು, ತೆಂಗಿನಕಾಯಿ ರಾಶಿಯನ್ನು ಬಳಸಿ, ಸೋಮೇಶ್ವರನ ಗುಡಿಯ ಮುಂದೆ ಸ್ವಲ್ಪ ನಿಧಾನಿಸಿ, ಹಲಸೂರು ಕೆರೆಗೆ ಹೋಗಿ ನೀರಿನ ಮೇಲೆ ಮಡಿಕೆಯಿಲ್ಲದೆ ಹಾಸಿಕೊಳ್ಳುತ್ತದೆ. ಆಚೆ ದಡದಲ್ಲಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಯಾರೋ ಕೂತಿದ್ದಾರೆ. ತಲೆ ತಗ್ಗಿಸಿದ್ದಾರೆ, ಮುಖ ಕಾಣಿಸುವುದಿಲ್ಲ. ಅಷ್ಟರಲ್ಲಿ ಆಶ್ರಿತಾ ನಿಧಾನವಾಗಿ ಕಣ್ಣು ತೆರೆಯಿರಿ ಎನ್ನುತ್ತಿದ್ದರು. ರೇವತಿಗೆ ಇನ್ನೊಂದು ಗಜ ಬಿಚ್ಚಿದ್ದರೆ ಮುಖ ಕಾಣಿಸುತ್ತಿತ್ತು ಎನಿಸುತ್ತಿತ್ತು.

ಅಂಗಡಿಯಲ್ಲೂ ಆ ಉಸಿರೇ. ಕಾಲು ಮಿಷಿನ್ನಿನ ಪೆಡಲು ಕೆಳಗೆ ಹೋದಾಗ ಒಂದು, ಮೇಲೆ ಬಂದಾಗ ಒಂದು. ಬಸಿರಿಗೂ ಉಸಿರಿಗೂ ಪ್ರಾಸ ಕೂಡಿತು. ಮಧ್ಯಾಹ್ನದ ಹೊತ್ತು ತಲೆಯ ಮೇಲೆ ಮೆಟ್ರೋ ಹಾದು ಹೋದಾಗ ಗಾಜಿನ ಡಬ್ಬಿಯಲ್ಲಿನ ಗುಂಡಿಗಳು ಸಣ್ಣಗೆ ನಡುಗುತ್ತಿದ್ದವು. ಆಗ ಒಳಗಿನದೂ ಮಗ್ಗುಲು ಬದಲಿಸುತ್ತಿತ್ತು. ಕೈಹೊಲಿಗೆಗೆ ಶಿವಾಜಿನಗರದಿಂದ ಬರುತ್ತಿದ್ದ ನೂರುನ್ನೀಸಾ ಇದನ್ನೆಲ್ಲ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಬ್ಲೌಸಿನ ಹುಕ್ಕು, ಕಾಜಾ, ಹೆಮ್ಮಿಂಗ್ ಅವಳ ಪಾಲು. ಅರವತ್ತೆರಡು ವರ್ಷ, ಐದು ಮಕ್ಕಳು. ಇಂದಿರಾನಗರದಲ್ಲಿ ಉಸಿರಾಡೋದನ್ನು ಹೇಳಿಕೊಡುತ್ತಾರೆ ಎಂದು ಕೇಳಿ, ಅಲ್ಲಿ ಗಾಳಿ ಚೆನ್ನಾಗಿರಬೇಕು ಎಂದಷ್ಟೇ ಅಂದಳು.

ಆಶ್ರಿತಾ ಕೊನೆಯ ತರಗತಿಯಲ್ಲಿ, ನಿಮ್ಮ ಹೆರಿಗೆ ಹೇಗಾಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಗೆ ಒಯ್ಯಿರಿ ಎಂದಿದ್ದರು. ಬೇರೆಯವರು ಲ್ಯಾಪ್‌ಟಾಪಿನಲ್ಲಿ ಬರೆದು ತಂದರು. ರೇವತಿ ತನ್ನ ಚೀಟಿ ಪುಸ್ತಕವನ್ನೇ ತೆಗೆದಳು. ಹೆಸರು: ರೇವತಿ ಶಿವಪುತ್ರ. ಡೆಲಿವರಿ ದಿನ: ಮೇ 22. ವಿಶೇಷ ಸೂಚನೆ: ಕತ್ತರಿ ಬೇಡ. ಹೊಲಿಗೆ ಬೇಡ. ಕೂಸಿಗೆಂದು ಹೊಲಿದಿದ್ದ ಜುಬ್ಬದ ಬಿಳಿ ಮಲ್ ಬಟ್ಟೆಯ ತುಂಡೊಂದನ್ನು ಪಿನ್ನು ಹೊಡೆದಳು.

ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ಬಾಣಂತನಕ್ಕೆಂದು ಮೊದಲೇ ಬಂದಿಳಿದಿದ್ದ ಜಟ್ಟೆಮ್ಮನಿಗೆ ಓದು ಬಾರದು. ಏನು ಬರೆದದ್ದು ಎಂದು ಕೇಳಿ ತಿಳಿದುಕೊಂಡು ಅದರ ಬಿಳಿ ತುಂಡನ್ನು ಬೆರಳಿನಿಂದ ಸವರಿದಳು.

“ಡಾಕ್ಟರ್ ಆಪರೇಶನ್ ಅಂದ್ರ ಮಾಡಿಸ್ಕೊಂಡು ಬಿಡು ಯವ್ವಾ.”

“ನೀನೇ ಹೀಗಂದ್ರೆ ಹೇಗವ್ವ? ನೀನು ಇಟ್ಟಿಗೆ ಹೊತ್ಕೊಂಡು ಹೆತ್ತವಳು. ನೋವು ತಿನ್ನೋಕೆ ನನಗೇನ್ ಬರಲ್ವಾ?”

“ಬ್ಯಾನಿ ತಿನ್ನೂದಂದ್ರ ಹೋಳಿಗಿ ತಿಂದಂಗ ಅಲ್ಲ,” ಎಂದು ಜಟ್ಟೆಮ್ಮ ಎದ್ದು ಒಲೆಯ ಕಡೆ ಹೋದಳು. ಹೊಲಿಗೆಯವಳಿಗೆ ಹೋಳಿಗೆಯ ಉಪಮೆ ರುಚಿಸಲಿಲ್ಲ.

ಮೇ ಇಪ್ಪತ್ತರ ಬೆಳಗ್ಗೆ, ಕಾನ್ವೆಂಟ್ ಹುಡುಗಿಯೊಬ್ಬಳ ಪಿನಾಫೋರಿನ ಮಡಿಕೆಗೆ ಇಸ್ತ್ರಿ ಹಿಡಿದಾಗ ರೇವತಿಯ ಕಾಲಡಿ ನೆಲ ಒದ್ದೆಯಾಯಿತು. ಹೇಳಿದ ದಿನಕ್ಕಿಂತ ಎರಡು ದಿನ ಮೊದಲು. ಆ ಅಂಗಡಿಯ ಚರಿತ್ರೆಯಲ್ಲಿ ಇಂಥದ್ದು ನಡೆದಿರಲಿಲ್ಲ. ನೂರುನ್ನೀಸಾ ಇಸ್ತ್ರಿಯ ಪ್ಲಗ್ಗು ಕಿತ್ತು, ಅರ್ಧ ಬಾಗಿಲು ಎಳೆದು, ಆಟೋ ಕರೆಸಿದಳು.

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರಿರಬಹುದಿತ್ತು, ಜಟ್ಟೆಮ್ಮ ಇದ್ದಳು. ನೋವು ಕೆರೆಯ ಅಲೆಯ ಹಾಗೆ ಬಂದು ಹೋಗುತ್ತಿತ್ತು. ಬಂದಾಗ ರೇವತಿ ಕಾಣದ ಪೆಡಲನ್ನು ತುಳಿದಳು. ಥಾನು ಉರುಳಿತು. ನರ್ಸ್ ಬಂದು ನೋಡಿ ನಾಲ್ಕು ಸೆಂಟಿಮೀಟರ್ ಎಂದಳು. ಹನ್ನೊಂದಕ್ಕೆ ಆರು. ಹತ್ತು ಆಗಬೇಕು. ಟೇಪಿನ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್ ಇರುವ ಲೋಕದಲ್ಲಿ ಬದುಕಿದವಳು ರೇವತಿ. ನೋವಿನ ನಡುವೆಯೂ ಅವಳ ತಲೆ ಅಳತೆಯನ್ನು ತಿರುಗಿಸಿ ನೋಡಿತು: ಎರಡೂಕಾಲು ಇಂಚಿನ ಮೇಲೆ ಒಂದು ನೂಲು, ಎಂದರೆ ಇಂಚಿನ ಎಂಟನೆಯ ಒಂದು ಪಾಲು. ನಾಲ್ಕು ಇಂಚಿಗೆ ಅರ್ಧ ನೂಲು ಕಮ್ಮಿ ಆದರೆ ಮುಗಿಯಿತು. ಇಷ್ಟೇ ತಾನೆ?

ಒಂದು ಗಂಟೆಗೂ ಆರು. ಎರಡು ಗಂಟೆಗೂ ಆರು. ಹೊರಗೆ ಶಿವಪುತ್ರನಿಗೆ ವಿಷಯ ತಿಳಿದಾಗ ಅವನು ಕೂತಲ್ಲಿಂದ ಎದ್ದು ನಿಂತ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟು ಎಂದರೇನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಎರಡೂವರೆಗೆ ಡಾಕ್ಟರ್ ಅಂಬ್ರೀನ್ ಬಂದರು. ಗಟ್ಟಿ ಮಾತಿಲ್ಲದ, ಸಣ್ಣ ಕೈಗಳ ಹೆಂಗಸು. ಮಗು ಮುಖ ಮೇಲೆ ಮಾಡಿಕೊಂಡಿದೆ, ತಿರುಗುತ್ತಿಲ್ಲ, ಪ್ರತಿ ನೋವಿಗೂ ಅದರ ಎದೆಬಡಿತ ಇಳಿದು ಮೇಲೆ ಬರೋದಕ್ಕೆ ಹೊತ್ತು ತಗೊಳ್ತಿದೆ ಎಂದು ಬಿಡಿಸಿ ಹೇಳಿದರು. ಎಡಮಗ್ಗುಲಿಗೆ ಮಲಗಿಸಿ, ಆಮ್ಲಜನಕ ಕೊಟ್ಟು, ಸ್ವಲ್ಪ ಹೊತ್ತು ಕಾದರು. ಮಿಷಿನ್ನಿನ ಟಕಟಕ ನಿಧಾನವಾಗುವುದು ರೇವತಿಗೂ ಕೇಳಿಸುತ್ತಿತ್ತು. ದಾರ ಮುಗಿಯುತ್ತ ಬಂದ ಬಾಬಿನ್ನಿನ ಸದ್ದು ಅವಳಿಗೆ ಗೊತ್ತು.

“ಆಪರೇಷನ್ ಮಾಡ್ಬೇಕು ರೇವತಿ. ಈಗಲೇ,” ಎಂದರು ಡಾಕ್ಟರ್.

ರೇವತಿ ದಿಂಬಿನ ಕೆಳಗಿಂದ ಚೀಟಿ ತೆಗೆದು ಕೈಗಿತ್ತಳು. ಇನ್ನೊಬ್ಬರಾಗಿದ್ದರೆ ಪಕ್ಕಕ್ಕಿಡುತ್ತಿದ್ದರೇನೋ. ಅಂಬ್ರೀನ್ ಕಾಗದವೆಂದರೆ ಪೂರ್ತಿ ಓದುವ ಜಾತಿ. ಹೆಸರು ಓದಿದರು, ದಿನ ಓದಿದರು, ವಿಶೇಷ ಸೂಚನೆ ಓದಿದರು. ಆಮೇಲೆ ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಯಾರೂ ಓದದ ಆ ಇರುವೆ ಸಾಲನ್ನೂ ಬಾಯಿಬಿಟ್ಟು ಮೆಲ್ಲಗೆ ಓದಿದರು: “ಅನಿವಾರ್ಯ ಕಾರಣಗಳಿಂದ ಹೇಳಿದಂತೆ ಡೆಲಿವರಿ ಕೊಡಲಾಗದಿದ್ದಲ್ಲಿ ಗಿರಾಕಿಗಳು ಸಹಕರಿಸಬೇಕಾಗಿ ವಿನಂತಿ.”

ತಲೆಯೆತ್ತಿ ಕೇಳಿದರು. “ಇದನ್ನ ಹಾಕಿಸಿದ್ದು ಯಾರು?”

“ನಾನೇ ಮೇಡಂ.”

ನಗು ಬರಬೇಕಾದ ಕಡೆ ಕಣ್ಣಲ್ಲಿ ನೀರು ಬಂತು. ಹತ್ತು ವರ್ಷ ಊರಿಗೆಲ್ಲ ಹಂಚಿದ ವಿನಂತಿ ಈಗ ತಿರುಗಿ ತನ್ನ ಕೈಗೇ ಬಂದಿದೆ. ಆದರೂ ಒಪ್ಪಿಗೆ ಪತ್ರದ ಸಹಿಗೆ ಅವಳ ಕೈ ಏಳಲಿಲ್ಲ. ಇನ್ನೊಂದರ್ಧ ಗಂಟೆ ನೋವು ತಿಂತೀನಿ ಎಂದಳು.

ಆಗ ಜಟ್ಟೆಮ್ಮ ಮಂಚದ ಕಂಬಿ ಬಿಟ್ಟು ಮಗಳ ಮುಖದ ಹತ್ತಿರ ಬಾಗಿದಳು. “ನಾ ಯಾವಾಗ್ಲೂ ‘ನಿನ್ನ’ ಹಡದಾಗ ಅಂತೀನಿ. ನಿನಗಿಂತ ಮೊದಲ ಒಂದು ಇತ್ತು. ಊರಾಗ. ಗಂಡು ಕೂಸು. ಎರಡ ದಿನ ಬ್ಯಾನಿ ತಿಂದೆ. ಎಲ್ಲಾ ನಾನ ತಿಂದೆ ಯವ್ವಾ. ಅದಕ್ಕ ಹಾಲು ಕುಡಿಯೂ ಪಾಳಿ ಬರಲೇ ಇಲ್ಲ.”

ರೇವತಿ ಅವ್ವನ ಮುಖ ನೋಡಿದಳು. ಇಪ್ಪತ್ತೊಂಬತ್ತು ವರ್ಷ ಒಂದೇ ಒಂದು ಅಕ್ಷರದ ಒತ್ತಿನಲ್ಲಿ ಮಡಿಚಿಟ್ಟಿದ್ದ ಕೂಸು ಅದು. ಅವಳು ಪೆನ್ನಿಗೆ ಕೈ ಚಾಚಿದಳು.

ಬೆನ್ನಿಗೆ ಸೂಜಿ. ಆಮೇಲೆ ಸೊಂಟದಿಂದ ಕೆಳಗೆ ಯಾರದೋ ಕಾಲುಗಳು. ಎದೆಯ ಮೇಲೆ ಹಸಿರು ಬಟ್ಟೆಯ ಪರದೆ ಎದ್ದಿತು. ಅಂಚು ಹೊಲಿದವರು ಆತುರದಲ್ಲಿದ್ದರು ಎಂದುಕೊಂಡಳು ರೇವತಿ. ಕಿಟಕಿಯ ಮಬ್ಬುಗಾಜಿನಿಂದ ಮೂರು ಗಂಟೆಯ ಬಿಸಿಲು ಹಾಲಿನ ಹಾಗೆ ಸೋರುತ್ತಿತ್ತು. ನೋವಿಲ್ಲ; ಎಳೆತ ಮಾತ್ರ. ಸೂಜಿಯ ಕೆಳಗೆ ಬಟ್ಟೆಯನ್ನು ಯಾರೋ ಹಿಂದಿನಿಂದ ಮೆಲ್ಲಗೆ ಎಳೆದುಕೊಂಡ ಹಾಗೆ. ಬಟ್ಟೆಗೆ ಹೀಗೇ ಅನಿಸುತ್ತಿರಬೇಕು. ಹತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಥಾನು ತಾನಾಗಿ ಉರುಳತೊಡಗಿತು. ಮೇಜು, ಓಣಿ, ತೆಂಗಿನಕಾಯಿ, ಗುಡಿ. ಈ ಸಲ ಯಾರೂ ಕಣ್ಣು ತೆರೆಯಿರಿ ಎನ್ನಲಿಲ್ಲ. ಬಿಳಿ ಬಟ್ಟೆ ಕೆರೆಯ ಮೇಲೆ ಹಾಸುತ್ತ ಹಾಸುತ್ತ ಆಚೆ ದಡ ಮುಟ್ಟಿತು. ತುದಿ ಹಿಡಿದು ಕೂತಿದ್ದವರು ತಲೆಯೆತ್ತಿದರು. ತೀರಾ ಸಣ್ಣ ಮುಖ. ಸಿಟ್ಟಿನಲ್ಲಿತ್ತು.

ಪರದೆಯ ಆಚೆ ಅಳು ಕೇಳಿಸಿತು.

ಹೆಣ್ಣು, ಎರಡು ಕಿಲೋ ಎಂಟುನೂರು, ನಲವತ್ತೊಂಬತ್ತು ಸೆಂಟಿಮೀಟರ್ ಎಂದು ನರ್ಸ್ ಹೇಳಿದಳು. ಹತ್ತೊಂಬತ್ತೂಕಾಲು ಇಂಚು ಎಂದು ರೇವತಿ ಮನಸ್ಸಿನಲ್ಲೇ ತಿರುಗಿಸಿದಳು. ಅಳತೆ ಸರಿಯಾಗಿದೆ. ಅಳುತ್ತೆ ಕೂಡ. ಕೆನ್ನೆಗೆ ತಾಗಿಸಿದ ಆ ಬಿಸಿ ಕೆನ್ನೆ ಹೊಸ ಬಟ್ಟೆಯಂತಿರಲಿಲ್ಲ. ತುಂಬ ಸಲ ಒಗೆದ ಮೆತ್ತನೆಯ ಹಳೆಯ ಸೀರೆಯಂತಿತ್ತು, ಎಷ್ಟೋ ಕಾಲದಿಂದ ತನ್ನದೇ ಆಗಿದ್ದ ಹಾಗೆ.

ಪರದೆಯ ಆಚೆ ಕೆಲಸ ಇನ್ನೂ ನಡೆದಿತ್ತು. ಹೊಲಿಗೆಯ ಲಯ ಅವಳಿಗೆ ಗುರುತು ಸಿಕ್ಕಿತು. ಎಳೆ, ಬಿಗಿ, ಬಿಡು.

“ಮೇಡಂ, ಎಷ್ಟು ಪದರ ಹೊಲಿತೀರಾ?” ನಾಲಿಗೆ ಸ್ವಲ್ಪ ತೊದಲಿತು.

ಅಂಬ್ರೀನ್ ಅವರ ಕೈ ಒಂದು ಕ್ಷಣ ನಿಂತಿರಬೇಕು. “ಗರ್ಭಕೋಶ ಒಂದು, ಅದರ ಮೇಲೆ ಗಟ್ಟಿ ಪೊರೆ ಒಂದು, ಕೊನೆಗೆ ಚರ್ಮ. ನಡುವೆ ಇರೋ ಕೆಲವು ಪದರ ನಾವು ಹೊಲಿಯೋದೇ ಇಲ್ಲಮ್ಮ. ಅವು ತಾವೇ ಕೂಡ್ಕೋತವೆ.”

“ತಾವೇ?”

“ತಾವೇ.”

ರೇವತಿ ಅದನ್ನು ಬಹಳ ಹೊತ್ತು ಯೋಚಿಸಿದಳು. ಬಟ್ಟೆಯ ಲೋಕದಲ್ಲಿ ಹೀಗೆಂದೂ ಆದದ್ದಿಲ್ಲ. ಕತ್ತರಿಸಿಟ್ಟ ತೋಳು ಬೆಳಗಾಗುವಷ್ಟರಲ್ಲಿ ಬ್ಲೌಸಿಗೆ ಹೋಗಿ ಕೂಡಿಕೊಂಡದ್ದನ್ನು ಯಾವ ಟೈಲರ್ ಕಂಡಿದ್ದಾನೆ? ಆ ಯೋಚನೆಯಲ್ಲೇ ಅವಳಿಗೆ ಜೊಂಪು ಹತ್ತಿತು.

ಎಚ್ಚರವಾದ ಮೇಲಿನ ದಿನಗಳು ಇಷ್ಟು ಮೃದುವಾಗಿರಲಿಲ್ಲ. ಹೊರಗೆ ಶಿವಪುತ್ರ ಅವಳ ಫೋನು ಹಿಡಿದು ಕೂತಿದ್ದ. ಮಾರತ್ತಹಳ್ಳಿಯ ಗಿರಾಕಿಯೊಬ್ಬರು ಫೋನು ಮಾಡಿ ಡೆಲಿವರಿ ಆಯ್ತಾ ಎಂದಾಗ, ಆಯ್ತು, ಹೆಣ್ಣು, ಎರಡೂಮುಕ್ಕಾಲು ಕೇಜಿ ಎಂದನಂತೆ. ಅವರು ಲೆಹೆಂಗಾ ಕೇಳುತ್ತಿದ್ದರು. ಅಷ್ಟು ಭಾರ ಯಾಕೆ ಮಾಡಿದ್ರಿ ಎಂದು ಬೈದರಂತೆ. ಇದನ್ನು ಕೇಳಿ ನಕ್ಕಾಗ ಹೊಲಿಗೆ ಎಳೆಯಿತು. ಮಂಚದಿಂದ ಏಳುವಾಗ, ಕೆಮ್ಮುವಾಗ, ಇಂದಿರಾನಗರದ ಉಸಿರೇ ಕೈ ಹಿಡಿಯಿತು. ಆದರೆ ನೋಡಲು ಬಂದ ಓಣಿಯ ಹೆಂಗಸರು ಕೂಸಿನ ಕೆನ್ನೆ ಮುಟ್ಟುವ ಮೊದಲೇ ನಾರ್ಮಲ್ಲಾ ಎನ್ನುತ್ತಿದ್ದರು. ಅಲ್ಲ ಎಂದರೆ, ಹೋಗಲಿ ಬಿಡು, ನೋವು ತಿನ್ನೋದು ತಪ್ಪಿತಲ್ಲ ಎಂದು ಸಮಾಧಾನ ಹೇಳುತ್ತಿದ್ದರು. ಬೆಳಗಿನಿಂದ ಎರಡೂವರೆವರೆಗೆ ತಿಂದದ್ದು ಯಾವ ಎಲೆಯ ಮೇಲೂ ಕಾಣಿಸಲಿಲ್ಲ.

ಚೀಟಿ ಆಸ್ಪತ್ರೆಯ ಚೀಲದಲ್ಲೇ ಉಳಿಯಿತು. ಹೇಳಿದಂತೆ ಆಗದ ಆರ್ಡರನ್ನು ಕಂಬಿಗೆ ಚುಚ್ಚುವುದು ಹೇಗೆ? ಎರಡು ಸಲ ಕೈಗೆ ತೆಗೆದುಕೊಂಡು ಎರಡು ಸಲವೂ ಒಳಗಿಟ್ಟಳು.

ಜುಲೈ ಮೊದಲ ವಾರ ಅರ್ಧ ಬಾಗಿಲು ಪೂರ್ತಿ ತೆರೆಯಿತು. ಜಟ್ಟೆಮ್ಮ ಮೂಲೆಯಲ್ಲಿ ಸೀರೆಯ ಜೋಲಿ ಕಟ್ಟಿ ಮೊಮ್ಮಗಳನ್ನು ತೂಗುತ್ತಿದ್ದಳು. ಕಾನ್ವೆಂಟಿನ ಪಿನಾಫೋರುಗಳು ರಾಶಿ ಬಿದ್ದಿದ್ದವು. ಬೇಸಿಗೆಯಲ್ಲಿ ಹುಡುಗಿಯರು ಎತ್ತರವಾಗಿದ್ದರು. ಪ್ರತಿ ವರ್ಷದಂತೆ ಕೆಳಗಿನ ಮಡಿಕೆ ಬಿಚ್ಚಿ ಉದ್ದ ಬಿಡಬೇಕಿತ್ತು. ಮುಂದೆ ಬೇಕಾದೀತು ಎಂದು ಒಳಗೆ ಬಟ್ಟೆ ಬಿಟ್ಟೇ ಹೊಲಿಯುವುದು ರೇವತಿಯ ಪದ್ಧತಿ. ಬಿಚ್ಚುತ್ತ ಕೂತವಳು ಇದ್ದಕ್ಕಿದ್ದಂತೆ ನೂರುನ್ನೀಸಾಳನ್ನು ಪರದೆಯ ಹಿಂದೆ ಕರೆದು, ಯಾರಿಗೂ ತೋರಿಸದ ಗಾಯ ತೋರಿಸಿದಳು.

“ಖಾಲಾ, ಹೇಗಿದೆ ಹೇಳು.”

ನೂರುನ್ನೀಸಾ ದಾರಕ್ಕೆ ಕಟ್ಟಿದ ಕನ್ನಡಕ ಮೂಗಿಗೇರಿಸಿ, ಬಾಗಿ, ಗಿರಾಕಿ ವಾಪಸ್ಸು ತಂದ ಬ್ಲೌಸನ್ನು ನೋಡುವಷ್ಟು ಹೊತ್ತು ನೋಡಿದಳು.

“ಮಿಷಿನ್ದು ಅಲ್ಲ ಬೇಟಾ. ಪೂರಾ ಕೈ ಹೊಲಿಗೆ. ಗಂಟು ಎಲ್ಲಿ ಹಾಕಿದ್ದಾಳೆ ಅಂತಾನೇ ಕಾಣ್ತಿಲ್ಲ ನೋಡು. ಈ ಡಾಕ್ಟರಮ್ಮಂಗೆ ಆಸ್ಪತ್ರೆ ಬೇಜಾರಾದ್ರೆ ಇಲ್ಲಿ ಬರೋಕೆ ಹೇಳು, ಹುಕ್ಕು ಕಾಜಾ ಕೊಡೋಣ.”

ರೇವತಿ ನಕ್ಕಳು. ಈ ಸಲ ಎಳೆಯಲಿಲ್ಲ. ಬೆರಳಿಟ್ಟು ನೋಡಿಕೊಂಡಳು, ಒಳಗಿನ ಪದರಗಳು ಯಾರಿಗೂ ಹೇಳದೆ ಕ್ಷೇಮವಾಗಿ ಕೂಡಿಕೊಂಡಿದ್ದವು. ಹೊರಗೆ ಬಂದು ಚೀಲದಿಂದ ಚೀಟಿ ತೆಗೆದಳು. ವಿಶೇಷ ಸೂಚನೆಯನ್ನು ಹೊಡೆದುಹಾಕಲಿಲ್ಲ, ಹಾಗೆಯೇ ಬಿಟ್ಟಳು. ಬಿಳಿ ತುಂಡಿನ ಸಮೇತ ಅದನ್ನು ಕಂಬಿಗೆ ಚುಚ್ಚಿದಳು. ಜೋಲಿ ತೂಗುತ್ತಿದ್ದ ಜಟ್ಟೆಮ್ಮ ಅದನ್ನು ನೋಡಿದಳು. ಸ್ವಲ್ಪ ಹೊತ್ತಿಗೆ, ಆ ಬಿಳಿ ಬಟ್ಟೆಯದು ಇನ್ನೊಂದು ಚೂರು ಇದ್ದರೆ ನನಗೊಂದು ಕೊಡು ಎಂದಳು. ಯಾರಿಗೆಂದು ರೇವತಿ ಕೇಳಲಿಲ್ಲ. ಕೊಟ್ಟದ್ದನ್ನು ಜಟ್ಟೆಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ಮಧ್ಯಾಹ್ನವೇ ದೊಮ್ಮಲೂರಿನವರು ಅದೇ ಸೀರೆ, ಅದೇ ಫಾಲ್ ಹಿಡಿದು ಬಂದರು. ಬೇರೆ ಎಲ್ಲೂ ಸರಿಯಾಗಲಿಲ್ಲವಂತೆ. ಜೋಲಿ ನೋಡಿ ಅವರ ಕಣ್ಣು ಅರಳಿತು.

“ಓ, ಡೆಲಿವರಿ ಆಯ್ತಾ! ನಾರ್ಮಲ್ಲಾ?”

“ಕೈ ಹೊಲಿಗೆ ಅಕ್ಕ,” ಎಂದಳು ರೇವತಿ, ಪೆಡಲು ನಿಲ್ಲಿಸದೆ.

ಅರ್ಥವಾಗದೆ ಅವರು ತಲೆಯಾಡಿಸಿದರು. ಆಮೇಲೆ ಮುಖ್ಯ ವಿಷಯಕ್ಕೆ ಬಂದರು. “ನನ್ನ ಸೀರೆ?”

“ಶನಿವಾರ. ನಾಲ್ಕು ಗಂಟೆ ಮೇಲೆ.” ರೇವತಿ ಚೀಟಿ ಹರಿದು ಕೊಡುತ್ತ, ಹತ್ತು ವರ್ಷದಲ್ಲಿ ಮೊದಲ ಸಲ, ಕೆಳಗಿನ ಆ ಇರುವೆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.